ಪೊಲೀಸ್ ಅಧಿಕಾರಿ ಮತ ಕೇಳಿದಾಗ

ನಮ್ಮ ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟರು ಮನೆಬಾಗಿಲಿಗೆ ಬಂದು, ಕೈಮುಗಿದು, “ನಿಮ್ಮ ಮತ ನನಗೇ ಇರಲಿ” ಎಂದರೆ ಹೇಗಿದ್ದೀತು? ನಗು ಬರುತ್ತದೆಯಲ್ಲವೆ! ಅವರನ್ನು ಸರ್ಕಾರ ನೇಮಿಸುತ್ತದೆ, ಸರ್ಕಾರವೇ ವರ್ಗ ಮಾಡುತ್ತದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಹಾಗಲ್ಲ. ಅಲ್ಲಿ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಅದರ ಶಾಂತಿಪಾಲನೆ, ಸೆರೆಮನೆ, ಕೋರ್ಟಿನ ಸಮನ್ಸು ಜಾರಿ ಎಲ್ಲವೂ ಷೆರೀಫನ ಕೈಯಲ್ಲಿ. ಆ ಷೆರೀಫನನ್ನು ಜನರೇ ಆರಿಸುತ್ತಾರೆ. ಮುಂಬಯಿಯ ವಾಚಕರು ತಮ್ಮ ಊರಿನ ಷೆರೀಫ್ ಪದವಿಯನ್ನು ನೆನೆಯಬಾರದು. ಅದು ಬರಿಯ ಗೌರವದ ಪದವಿ, ಅದಕ್ಕೆ ಲಾಠಿಯಿಲ್ಲ.

ಕೇಳಲು ಚೆಂದವಾದ ಏರ್ಪಾಡು. ಆದರೆ ಜನ ಎಂದರೆ ಯಾರು? ಮತದಾರರ ಪಟ್ಟಿಯಲ್ಲಿ ಹೆಸರಿರುವವರು ಮಾತ್ರ.

ಅಲಬಾಮಾ ರಾಜ್ಯದ ಡಲ್ಲಾಸ್ ಕೌಂಟಿಯಲ್ಲಿ (ಕೆನಡಿಯವರು ಹತರಾದ ಡಲ್ಲಾಸ್ ನಗರ ಬೇರೆ, ಅದು ಟೆಕ್ಸಾಸಿನದು) 1965ರ ಆರಂಭದಲ್ಲಿ ಮತದ ವಯಸ್ಸಿನ ಕಪ್ಪು ಜನ ಸುಮಾರು 15,000 ಇದ್ದರು. ಪಟ್ಟಿಗೆ ಸೇರಿದವರು ನಾನೂರೂ ಇಲ್ಲ! ನೋಂದಣಿ ಕಚೇರಿ ತೆರೆಯುತ್ತಿದ್ದುದು ತಿಂಗಳಿಗೆ ಎರಡೇ ದಿನ. ಉದ್ದನೆಯ ಅರ್ಜಿ, ಮೇಲೊಂದು ಪರೀಕ್ಷೆ. ತೇರ್ಗಡೆಯೋ ಅಲ್ಲವೋ ಅಧಿಕಾರಿಯ ಚಿತ್ತ. ಹತ್ತು ವರ್ಷ ಕಡತಗಳ ನಡುವೆ ಕಳೆದ ನಾನು ಇದನ್ನು ಬಲ್ಲೆ: ಕೆಲಸ ಆಗಬಾರದೆಂದಿದ್ದರೆ ‘ಇಲ್ಲ’ ಎನ್ನಬೇಕಾಗಿಲ್ಲ, ಒಂದು ನಮೂನೆ ಸಾಕು. ಊರು ಬಿಟ್ಟು ಬಂದು ಬಾಡಿಗೆ ಮನೆ ಬದಲಾಯಿಸುತ್ತಲೇ ಇರುವ ನಮ್ಮವರಿಗೂ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳುವ ಪಾಡು ಗೊತ್ತು. ಆದರೆ ನಮ್ಮನ್ನು ಅದಕ್ಕಾಗಿ ಯಾರೂ ಹೊಡೆಯುವುದಿಲ್ಲ.

ಅಲ್ಲಿ ಹೊಡೆಯುತ್ತಿದ್ದರು. ಷೆರೀಫ್ ಜಿಮ್ ಕ್ಲಾರ್ಕ್ ‘ಎಂದೆಂದಿಗೂ ಇಲ್ಲ’ ಎಂಬರ್ಥದ ಬಿಲ್ಲೆಯನ್ನು ಎದೆಯ ಮೇಲೆ ಧರಿಸುತ್ತಿದ್ದ. 1965ರ ಮಾರ್ಚ್ 7ರಂದು ಸೆಲ್ಮಾ ಪಟ್ಟಣದ ಎಡ್ಮಂಡ್ ಪೆಟಸ್ ಸೇತುವೆಯನ್ನು ದಾಟಿದ ಸುಮಾರು 600 ಜನರ ಮೇಲೆ ರಾಜ್ಯದ ಪೊಲೀಸರೂ ಕ್ಲಾರ್ಕನ ಕುದುರೆ ಸವಾರರೂ ಎರಗಿದರು. ದೂರದರ್ಶನದಲ್ಲಿ ಅದನ್ನು ಕಂಡು ದೇಶವೇ ತಲ್ಲಣಿಸಿತು. ಆಗಸ್ಟ್ 6ರಂದು ಮತಾಧಿಕಾರದ ಕಾನೂನು ಬಂದಿತು. ಅದೇ ತಿಂಗಳು ಕೇಂದ್ರ ಸರ್ಕಾರದ ನೌಕರರು ಸೆಲ್ಮಾಕ್ಕೆ ಬಂದು ಹೆಸರು ಬರೆದುಕೊಳ್ಳತೊಡಗಿದರು. ಪಟ್ಟಿ ಸಾವಿರಗಟ್ಟಲೆ ಬೆಳೆಯಿತು.

ಮರುವರ್ಷ ಕ್ಲಾರ್ಕನಿಗೆ ಎದುರಾಗಿ ನಿಂತವನು ಸೆಲ್ಮಾದ ನಗರ ಪೊಲೀಸಿನ ಮುಖ್ಯಸ್ಥ ವಿಲ್ಸನ್ ಬೇಕರ್. 1958ರಲ್ಲಿ ಇದೇ ಕ್ಲಾರ್ಕನಿಗೆ ಸೋತಿದ್ದವನು. ಆತನೂ ಬಿಳಿಯನೇ, ಕಪ್ಪು ಜನರ ಬಂಧುವೇನೂ ಅಲ್ಲ. ಆ ಫೆಬ್ರವರಿಯಲ್ಲಿ ಡಾಕ್ಟರ್ ಮಾರ್ಟಿನ್ ಲೂಥರ್ ಕಿಂಗರನ್ನು ಬಂಧಿಸಿದವನೂ ಆತನೇ. ಆದರೆ ಬಂಧಿಸುವಾಗ ಬಡಿಗೆ ಎತ್ತುತ್ತಿರಲಿಲ್ಲ. ಪ್ರಾಣ ಪಣವಿಟ್ಟು ಪಡೆದ ಮೊದಲ ಮತವನ್ನು ಇಂಥವನಿಗೆ ಹಾಕಬೇಕೆ? ಬಹಳ ಮನೆಗಳಲ್ಲಿ ಆ ಪ್ರಶ್ನೆ ಎದ್ದಿರಬೇಕು. ಹಾಕಿದರು. ಅದು ಬೇಕರನ ಮೇಲಿನ ಪ್ರೀತಿಯಲ್ಲ, ಕ್ಲಾರ್ಕನ ಕಥೆ ಮುಗಿಯಲಿ ಎಂಬ ಲೆಕ್ಕ. ನನ್ನ ದೃಷ್ಟಿಯಲ್ಲಿ ಬಹಳ ಜಾಣತನದ ಲೆಕ್ಕ.

1966ರ ಮೇ ತಿಂಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ ನಡೆಯಿತು. ಕಪ್ಪು ಜನರೇ ಹೆಚ್ಚಾಗಿದ್ದ ಆರು ಪೆಟ್ಟಿಗೆಗಳ ಮತಗಳಲ್ಲಿ ಕ್ರಮದೋಷವಿದೆಯೆಂದು ಪಕ್ಷದ ಸ್ಥಳೀಯ ಸಮಿತಿ ಅವನ್ನು ತಳ್ಳಿಹಾಕಿತು. ಅವಿಲ್ಲದೆ ಬೇಕರನಿಗೆ ಸ್ಪಷ್ಟ ಬಹುಮತವಿಲ್ಲ. ಮತ್ತೆ ಅದೇ ನಮೂನೆಯ ಆಟ! ಕೇಂದ್ರ ಸರ್ಕಾರ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಧೀಶ ಡೇನಿಯಲ್ ಥಾಮಸ್ ಅವನ್ನೂ ಎಣಿಸಬೇಕೆಂದು ತೀರ್ಪಿತ್ತರು. ಬೇಕರ್ ಗೆದ್ದ. ಕ್ಲಾರ್ಕ್ ಅಷ್ಟಕ್ಕೆ ಬಿಡದೆ, ನವೆಂಬರಿನಲ್ಲಿ ಮತಪತ್ರದ ಮೇಲೆ ತನ್ನ ಹೆಸರನ್ನು ಬರೆಯಿರೆಂದು ಬೆಂಬಲಿಗರನ್ನು ಕೇಳಿಕೊಂಡು ಮತ್ತೊಮ್ಮೆ ಸೋತ.

ಬೇಕರ್ 1975ರಲ್ಲಿ ಸಾಯುವವರೆಗೂ ಷೆರೀಫನಾಗಿದ್ದ. ಕ್ಲಾರ್ಕ್ 1978ರಲ್ಲಿ ಗಾಂಜಾ ಕಳ್ಳಸಾಗಣೆಯ ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾಗಿ ಕೆಲವು ತಿಂಗಳು ತಾನೇ ಸೆರೆಮನೆಯಲ್ಲಿದ್ದು ಬಂದ.