ಒಲಿಂಪಿಯದ ಉತ್ಖನನ: ಗ್ರಂಥದ ಸಾಕ್ಷ್ಯ, ನೆಲದ ಸಾಕ್ಷ್ಯ

ಗ್ರೀಸ್ ದೇಶದ ತೆಂಕಣ ಭಾಗವಾದ ಪೆಲೊಪೊನೀಸಿನ ಪಡುವಣ ಸೀಮೆಯಲ್ಲಿ, ಆಲ್ಫಿಯೋಸ್ ಮತ್ತು ಕ್ಲಾಡಿಯೋಸ್ ಎಂಬ ಎರಡು ಹೊಳೆಗಳು ಕೂಡುವ ಎಡೆಯಲ್ಲಿ ಒಲಿಂಪಿಯ ಕ್ಷೇತ್ರವಿದೆ. ಪ್ರಾಚೀನ ಕಾಲದಲ್ಲಿ ಅದು ನಗರವಾಗಿರಲಿಲ್ಲ. ಜ್ಯೂಸ್ ದೇವನ ಪವಿತ್ರವನವಾಗಿತ್ತು. ಕ್ರಿ.ಪೂ. ೭೭೬ರಿಂದ ಗ್ರೀಕರು ಎಣಿಸುತ್ತ ಬಂದ ಕ್ರೀಡೋತ್ಸವ ನಾಲ್ಕು ವರ್ಷಗಳಿಗೊಮ್ಮೆ ಅಲ್ಲಿ ನೆರೆಯುತ್ತಿತ್ತು. ಆದ್ದರಿಂದ ದೇವಾಲಯಗಳೊಡನೆ ಸಭಾಮಂದಿರ, ಕುಸ್ತಿಯ ಗರಡಿ, ಓಟದ ಬಯಲು, ಅತಿಥಿಗೃಹ, ಬೇರೆಬೇರೆ ನಗರಗಳ ಕಾಣಿಕೆಗಳನ್ನಿಡುವ ಭಂಡಾರಗಳು ಅಲ್ಲಿ ಎದ್ದುವು. ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಉತ್ಸವದ ಕಾಲ ಮುಗಿಯಿತು. ಆರನೆಯ ಶತಮಾನದ ಭೂಕಂಪಗಳಲ್ಲಿ ಜ್ಯೂಸ್ ದೇವಾಲಯದ ಕಂಬಗಳು ಉರುಳಿದುವು. ಬಳಿಕ ಹೊಳೆಯ ಮೆಕ್ಕಲು ಆಳೆತ್ತರಕ್ಕೂ ಮೀರಿ ಕುಳಿತು ಎಲ್ಲವನ್ನೂ ಮುಚ್ಚಿತು. ನಾಶದಂತೆ ತೋರಿದ ಈ ಮಣ್ಣೇ ಕ್ಷೇತ್ರದ ಕಾವಲಾಯಿತು. ೧೭೬೬ರಲ್ಲಿ ರಿಚರ್ಡ್ ಚಾಂಡ್ಲರ್ ಎಂಬ ಆಂಗ್ಲ ಪಂಡಿತನು ಆ ಸ್ಥಳವನ್ನು ಗುರುತಿಸಿದನು.

ಅಲ್ಲಿ ನಡೆದ ಎರಡು ಅಗೆತಗಳನ್ನು ಹೋಲಿಸಿ ನೋಡುವುದು ಉಪಯುಕ್ತ. ಮೊದಲನೆಯದು ೧೮೨೯ರಲ್ಲಿ ಫ್ರೆಂಚರ ಮೊರಿಯಾ ದಂಡಯಾತ್ರೆಯೊಡನೆ ಬಂದ ವಿದ್ವಾಂಸರು ಕೆಲವೇ ವಾರ ನಡೆಸಿದ್ದು. ಜ್ಯೂಸ್ ದೇವಾಲಯವನ್ನು ಅವರು ಖಚಿತವಾಗಿ ಗುರುತಿಸಿದರು. ಹರ್ಕ್ಯುಲೀಸನ ಸಾಹಸಗಳನ್ನು ಕೆತ್ತಿದ ಫಲಕಗಳ ತುಂಡುಗಳು ಅವರಿಗೆ ದೊರೆತುವು; ಅವು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯವನ್ನು ಸೇರಿದುವು. ಅವೇ ಫಲಕಗಳ ಉಳಿದ ಚೂರುಗಳು ಮುಂದೆ ಒಲಿಂಪಿಯದಲ್ಲೇ ಸಿಕ್ಕುವು. ಹೀಗಾಗಿ ಒಂದೇ ಶಿಲ್ಪದ ಅಂಗಗಳು ಇಂದಿಗೂ ಎರಡು ದೇಶಗಳಲ್ಲಿ ಹಂಚಿಹೋಗಿವೆ.

ಎರಡನೆಯದು ಜರ್ಮನರ ಉತ್ಖನನ. ಅರ್ನ್ಸ್ಟ್ ಕುರ್ಟಿಯಸ್ ಎಂಬ ಇತಿಹಾಸಜ್ಞನು ೧೮೫೨ರಲ್ಲಿ ಬರ್ಲಿನ್ನಿನಲ್ಲಿ ಉಪನ್ಯಾಸ ಮಾಡಿ ಇದರ ಅಗತ್ಯವನ್ನು ಎತ್ತಿಹಿಡಿದನು. ಕೆಲಸ ಕೈಗೂಡಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದುವು. ೧೮೭೪ರಲ್ಲಿ ಎರಡು ಸರಕಾರಗಳೂ ಒಪ್ಪಂದ ಮಾಡಿಕೊಂಡುವು. ಸಿಕ್ಕಿದ ವಸ್ತುಗಳು ಗ್ರೀಸಿನ ಸ್ವತ್ತು. ಜರ್ಮನಿಗೆ ದೊರೆಯುವುದು ಅವುಗಳ ಅಚ್ಚುಪ್ರತಿ ತೆಗೆಯುವ ಮತ್ತು ಶೋಧನೆಯ ಫಲವನ್ನು ಪ್ರಕಟಿಸುವ ಹಕ್ಕು. ಒಂದೇ ಬಗೆಯವು ಹಲವಿದ್ದರೆ ಗ್ರೀಸ್ ತನ್ನ ಇಚ್ಛೆಯಿಂದ ಕೆಲವನ್ನು ಬಿಟ್ಟುಕೊಡಬಹುದಾಗಿತ್ತು. ೧೮೭೫ರಿಂದ ೧೮೮೧ರವರೆಗೆ ಈ ಷರತ್ತಿನ ಮೇಲೆ ಕೆಲಸ ನಡೆಯಿತು. ಪರದೇಶದ ನೆಲವನ್ನು ಅಗೆಯುವವನು ಜ್ಞಾನವನ್ನು ಒಯ್ಯಬಹುದು, ಒಡೆತನವನ್ನಲ್ಲ ಎಂಬ ತತ್ತ್ವ ಇಲ್ಲಿ ರೂಢಿಗೆ ಬಂದಿತು.

ಅಗೆಯುವವರ ಕೈಯಲ್ಲಿ ಗುದ್ದಲಿಯೊಡನೆ ಒಂದು ಗ್ರಂಥವೂ ಇತ್ತು. ಕ್ರಿ.ಶ. ಎರಡನೆಯ ಶತಮಾನದ ಪಾಸೇನಿಯಸ್ ಎಂಬ ಯಾತ್ರಿಕನು ಗ್ರೀಸ್ ದೇಶವನ್ನು ಸುತ್ತಿ, ಯಾವ ಗುಡಿಯಲ್ಲಿ ಯಾವ ವಿಗ್ರಹವಿದೆ, ಯಾರು ಕೊಟ್ಟದ್ದು ಎಂಬುದನ್ನು ಬರೆದಿಟ್ಟಿದ್ದನು. ಹೇರಾದೇವಿಯ ಗುಡಿಯಲ್ಲಿ ಪ್ರಾಕ್ಸಿಟಿಲೀಸನು ರಚಿಸಿದ, ಶಿಶುವಾದ ಡಯೊನೈಸಸನನ್ನು ಎತ್ತಿಕೊಂಡ ಹರ್ಮಿಸನ ಅಮೃತಶಿಲೆಯ ಮೂರ್ತಿ ಇದೆಯೆಂದು ಅವನ ಹೇಳಿಕೆ. ೧೮೭೭ರ ಮೇ ತಿಂಗಳಲ್ಲಿ ಅದೇ ಗುಡಿಯಲ್ಲಿ ಅಂಥ ಮೂರ್ತಿಯೇ ಹೊರಬಂತು! ಆ ಗುಡಿಯ ಗೋಡೆಗಳ ಮೇಲ್ಭಾಗ ಹಸಿ ಇಟ್ಟಿಗೆಯದು. ಅದು ಕರಗಿ ಬಿದ್ದ ಜೇಡಿಯೇ ಮೂರ್ತಿಯನ್ನು ಹೊದ್ದು ಕಾಪಾಡಿತ್ತು. ಅದು ಪ್ರಾಕ್ಸಿಟಿಲೀಸನ ಸ್ವಹಸ್ತದ್ದೋ, ಅನಂತರದ ಪ್ರತಿಯೋ ಎಂಬ ಚರ್ಚೆ ಇನ್ನೂ ನಿಂತಿಲ್ಲವಾದರೂ, ಪಾಸೇನಿಯಸನು ಕಂಡದ್ದು ಅದನ್ನೇ ಎಂಬುದರಲ್ಲಿ ಸಂಶಯವಿಲ್ಲ. ಅದೇ ಗುಡಿಯಲ್ಲಿ ಒಂದು ಓಕ್ ಮರದ ಕಂಬವನ್ನು ನೋಡಿದೆನೆಂದೂ ಅವನು ಬರೆದಿದ್ದಾನೆ. ಅಗೆದಾಗ ಸಿಕ್ಕ ಕಲ್ಲುಕಂಬಗಳು ದಪ್ಪದಲ್ಲಿ, ಬೋದಿಗೆಯ ಆಕಾರದಲ್ಲಿ ಒಂದರಂತೆ ಒಂದಿರಲಿಲ್ಲ. ಮರದ ಕಂಬಗಳು ಜೀರ್ಣವಾದಂತೆಲ್ಲ ಒಂದೊಂದಾಗಿ, ಆಯಾ ಕಾಲದ ಮಾದರಿಯಲ್ಲಿ, ಕಲ್ಲಿನವನ್ನು ನಿಲ್ಲಿಸಿದರೆಂದು ಇದರಿಂದ ತಿಳಿಯಿತು.

ಆದರೆ ಗ್ರಂಥ ಹೇಳಿದ್ದೆಲ್ಲವನ್ನೂ ನೆಲ ಒಪ್ಪಲಿಲ್ಲ. ಜ್ಯೂಸ್ ದೇವಾಲಯದ ಮೂಡಣ ಮುಖದ ಶಿಲ್ಪಗಳು ಪಯೋನಿಯಸನ ಕೃತಿಯೆಂದು ಪಾಸೇನಿಯಸನು ಹೇಳುತ್ತಾನೆ. ೧೮೭೫ರ ಡಿಸೆಂಬರಿನಲ್ಲಿ ಪಯೋನಿಯಸನ ವಿಜಯದೇವತೆಯ ಮೂರ್ತಿ, ಅವನ ಹೆಸರುಳ್ಳ ಪೀಠಶಾಸನದೊಡನೆ ದೊರೆಯಿತು. ಅದರ ಶೈಲಿಗೂ ಮೂಡಣ ಶಿಲ್ಪಗಳ ಶೈಲಿಗೂ ಬಹಳ ಅಂತರ. ದೇವಾಲಯದ ಶಿಖರಾಲಂಕಾರದ ಸ್ಪರ್ಧೆಯಲ್ಲಿ ಅವನು ಗೆದ್ದನೆಂದು ಶಾಸನದಲ್ಲಿದೆ. ಇದನ್ನು ತಪ್ಪಾಗಿ ಗ್ರಹಿಸಿದ್ದರಿಂದ ಆ ಹೇಳಿಕೆ ಹುಟ್ಟಿರಬೇಕೆಂದು ಅನೇಕ ವಿದ್ವಾಂಸರ ಊಹೆ. ಹಾಗೆಯೇ ಸುಮಾರು ೮೦ ಮೀಟರ್ ಉದ್ದ, ೭೪ ಮೀಟರ್ ಅಗಲವಿರುವ ಅತಿಥಿಗೃಹವನ್ನು ಕಟ್ಟಿಸಿದ ಲಿಯೊನಿಡಾಸನು ಆ ಸೀಮೆಯವನೇ ಎಂದು ಪಾಸೇನಿಯಸನ ಮಾತು. ಅಲ್ಲಿ ಸಿಕ್ಕ ಶಾಸನವಾದರೋ ಅವನು ನಾಕ್ಸೋಸ್ ದ್ವೀಪದವನೆಂದು ಸಾರುತ್ತದೆ.

ಇನ್ನೊಂದು ನಿದರ್ಶನ ಇವೆಲ್ಲಕ್ಕಿಂತ ಸ್ವಾರಸ್ಯವಾದುದು. ದೇವಾಲಯದೊಳಗೆ ಫಿಡಿಯಾಸನು ರಚಿಸಿದ, ಚಿನ್ನ ಮತ್ತು ದಂತದ ಬೃಹತ್ ಜ್ಯೂಸ್ ವಿಗ್ರಹವಿತ್ತು. ಅದರ ಕುರುಹೂ ಉಳಿದಿಲ್ಲ. ಅವನ ಕಾರ್ಯಶಾಲೆಯೆಂದು ಪಾಸೇನಿಯಸನು ತೋರಿಸಿದ ಕಟ್ಟಡ ಮುಂದೆ ಕ್ರೈಸ್ತರ ಇಗರ್ಜಿಯಾಗಿತ್ತು. ೧೯೫೦ರ ದಶಕದಲ್ಲಿ ಎಮಿಲ್ ಕುನ್ಸ್‌ನ ನೇತೃತ್ವದಲ್ಲಿ ಅಲ್ಲಿ ಅಗೆದಾಗ, ವಿಗ್ರಹದ ಉಡುಗೆಯ ಮಡಿಕೆಗಳಿಗೆಂದು ಮಾಡಿದ ಮಣ್ಣಿನ ಅಚ್ಚುಗಳು, ದಂತದ ಚೂರುಗಳು, ಗಾಜು, ಉಪಕರಣಗಳು ಸಿಕ್ಕುವು. ‘ನಾನು ಫಿಡಿಯಾಸನ ಸ್ವತ್ತು’ ಎಂದು ಗೀಚಿದ್ದ ಒಂದು ಕುಡಿಕೆಯೂ ದೊರೆಯಿತು. ಫಿಡಿಯಾಸನು ಜ್ಯೂಸನನ್ನು ಮೊದಲು ರಚಿಸಿದನೆ, ಅಥೆನ್ಸಿನ ಅಥೀನಾ ವಿಗ್ರಹವನ್ನು ಮೊದಲು ರಚಿಸಿದನೆ ಎಂಬುದು ಬಹುಕಾಲದ ವಾದ. ಅಥೀನಾ ಪ್ರತಿಷ್ಠೆ ಕ್ರಿ.ಪೂ. ೪೩೮ರಲ್ಲಿ. ಕಾರ್ಯಶಾಲೆಯ ಮಡಕೆಚೂರುಗಳು ಆ ಬಳಿಕದ ಕಾಲವನ್ನು ಸೂಚಿಸಿದ್ದರಿಂದ ಜ್ಯೂಸನೇ ಅನಂತರದವನೆಂದು ನಿರ್ಧಾರವಾಯಿತು. ಚಿನ್ನದ ದೇವರು ಹೇಳಲಾರದೆ ಹೋದುದನ್ನು ಮಣ್ಣಿನ ಚೂರು ಹೇಳಿತು.

ಆ ಚೂರಿಗೆ ಈ ಬೆಲೆ ಬಂದುದು ಅದು ಸಿಕ್ಕಿದ ಎಡೆಯಿಂದ. ಅದನ್ನೇ ಯಾರಾದರೂ ಹೆಕ್ಕಿ ಸಂತೆಯಲ್ಲಿ ಮಾರಿದ್ದರೆ ಅದು ಬರಿಯ ಹಳೆಯ ಬೋಕಿಯಾಗುತ್ತಿತ್ತು. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ, ಎಷ್ಟು ಆಳದಲ್ಲಿ ದೊರೆಯಿತೆಂಬ ಬರಹವೇ ವಸ್ತುವಿಗೆ ನಾಲಗೆ ಕೊಡುತ್ತದೆ. ಪಾಠಶಾಲೆಯಲ್ಲಿ ಗ್ರೀಕರ ಚರಿತ್ರೆಯನ್ನು ಬೋಧಿಸುವಾಗ ಕ್ರೀಡೆಗಳ ಹೆಸರನ್ನೂ ಇಸವಿಯನ್ನೂ ಬಾಯಿಪಾಠ ಮಾಡಿಸುವುದರೊಡನೆ, ಆ ಇಸವಿ ನಮಗೆ ಹೇಗೆ ತಿಳಿಯಿತೆಂಬುದನ್ನೂ ಹೇಳುವುದು ಒಳ್ಳೆಯದು. ಗ್ರಂಥವನ್ನು ಓದಿ ನೆಲವನ್ನು ಕೇಳಬೇಕು, ನೆಲವನ್ನು ಕೇಳಿ ಗ್ರಂಥವನ್ನು ಮತ್ತೆ ಓದಬೇಕು. ಹಳೆಯ ಚೂರೊಂದು ಕಣ್ಣಿಗೆ ಬಿದ್ದಾಗ ಅದನ್ನು ಕಿಸೆಗೆ ಹಾಕಿಕೊಳ್ಳದೆ, ಇದ್ದ ಜಾಗದಲ್ಲೇ ಬಿಟ್ಟು, ಆ ಜಾಗವನ್ನು ಗುರುತು ಹಾಕಿ ತಿಳಿದವರಿಗೆ ತಿಳಿಸುವ ಅಭ್ಯಾಸ ವಿದ್ಯಾರ್ಥಿಗೆ ಬಂದರೆ, ಒಲಿಂಪಿಯದ ಪಾಠ ಸಾರ್ಥಕವಾದಂತೆ.