ಸೀನು ಒಂದೇ, ಕಾರಣ ಬೇರೆ

ದೇವಿಕೊಪ್ಪದ ಸುತ್ತಿನ ಊರುಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯಲ್ಲೊಬ್ಬರು ಎಡೆಬಿಡದೆ ಸೀನತೊಡಗಿದರೆ ನಾವು ‘ನೆಗಡಿ’ ಎಂದುಬಿಡುತ್ತೇವೆ. ಆದರೆ ದಾರಿಯ ಬದಿಯಲ್ಲಿ ಬೆಳ್ಳಗೆ ಹೂತ ಕಾಂಗ್ರೆಸ್ ಕಸವೂ ಅದಕ್ಕೆ ಕಾರಣವಾಗಿರಬಹುದು.

1955ರಲ್ಲಿ ಪುಣೆಯ ಬಳಿ ಗಮನಕ್ಕೆ ಬಂದು, ಅನಂತರ ನಾಡಿನಲ್ಲೆಲ್ಲ ಹಬ್ಬಿದ ಈ ಪಾರ್ಥೇನಿಯಂ ಗಿಡದ ಪರಾಗವು ಮೂಗನ್ನು ಹೊಕ್ಕಾಗ, ಕೆಲವರ ದೇಹವು ಅದನ್ನು ಶತ್ರುವೆಂದು ಬಗೆದು ಹಿಸ್ಟಮೀನ್ ಎಂಬ ದ್ರವ್ಯವನ್ನು ಹೊರಸೂಸುತ್ತದೆ. ಇದೇ ಅಲರ್ಜಿ, ಇದು ಒಬ್ಬರಿಂದೊಬ್ಬರಿಗೆ ಅಂಟದು. ನೆಗಡಿ, ಫ್ಲೂಗಳಾದರೋ ವೈರಸ್ಸುಗಳಿಂದ ಹರಡುವ ಅಂಟುರೋಗಗಳು.

ಭೇದವನ್ನು ಅರಿಯುವುದೆಂತು? ಅಲರ್ಜಿಯಲ್ಲಿ ಜ್ವರವಿರದು, ಕಣ್ಣು, ಮೂಗುಗಳು ತುರಿಸುತ್ತವೆ, ಸಿಂಬಳ ನೀರಿನಂತಿರುತ್ತದೆ, ಪೀಡೆಯು ವಾರಗಟ್ಟಲೆ ಮುಂದುವರಿದು, ಮರುವರ್ಷ ಅದೇ ಕಾಲಕ್ಕೆ ಮರಳುತ್ತದೆ. ನೆಗಡಿಯಲ್ಲಿ ಗಂಟಲು ನೋಯುವುದುಂಟು. ವಾರ ಹತ್ತು ದಿನಗಳಲ್ಲಿ ಅದು ಇಳಿಯುತ್ತದೆ. ಫ್ಲೂ ಆದರೆ ಸೋಂಕು ತಗಲಿದ 1ರಿಂದ 4 ದಿನಗಳಲ್ಲಿ ಜ್ವರ, ಮೈಕೈನೋವು ಒಮ್ಮೆಲೇ ಎರಗುತ್ತವೆ. ಮನೆಯ ಇತರರೂ ಹಾಸಿಗೆ ಹಿಡಿಯಬಹುದು.

ಮೊದಲ ದಿನವೇ ನಿರ್ಣಯಿಸುವುದು ಕಷ್ಟ. ಆದ್ದರಿಂದ ಸಂದೇಹವಿರುವವರೆಗೆ ಬಾಯಿಗೆ ವಸ್ತ್ರ ಹಿಡಿದು ಸೀನೋಣ. ಹಸುಗೂಸುಗಳಿಂದಲೂ ವೃದ್ಧರಿಂದಲೂ ದೂರವಿರೋಣ. ಕೆಮ್ಮು ಎರಡು ವಾರ ಮೀರಿದರೆ ಮಾತ್ರ ಅಲರ್ಜಿಯೆಂದು ಸುಮ್ಮನಿರಲಾಗದು. ಅದು ಕ್ಷಯವೂ ಆಗಿರಬಹುದು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕಫದ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ.