ಚಳಿಗಾಲದ ಓಟವೂ ತಲೆಯುಡುಗೆಯೂ

ಕುಂದಗೋಳ ತಾಲೂಕಿನ ಯರಗುಪ್ಪಿಯ ಸುತ್ತಣ ಎರೆನೆಲವು ಗಿಡಮರಗಳು ವಿರಳವಾದ ಬಯಲು. ಡಿಸೆಂಬರ್-ಜನವರಿಯ ನಸುಕಿನಲ್ಲಿ ಇಲ್ಲಿಯ ಉಷ್ಣತೆಯು ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸಿನ ಆಸುಪಾಸಿಗೆ ಇಳಿಯುವುದು. ಹಿಮದೇಶದವರು ಇದನ್ನು ಚಳಿಯೆಂದೇ ಎಣಿಸಲಾರರು. ಆದರೆ ಪೊಲೀಸ್ ಮತ್ತು ಸೈನ್ಯದ ಭರತಿಗಾಗಿ 1,600 ಮೀಟರಿನ ಓಟವನ್ನು ಅಭ್ಯಸಿಸುವ ಬೆಳವಲದ ತರುಣರು ಈ ಹೊತ್ತಿನಲ್ಲಿಯೇ ರಸ್ತೆಗೆ ಇಳಿಯುವರಾದುದರಿಂದ, ತಲೆಗೆ ಏನನ್ನು ತೊಡಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆಯೇ ಆಗಿದೆ.

ದೇಹದ ಶಾಖದಲ್ಲಿ ಅರ್ಧದಷ್ಟು ತಲೆಯಿಂದಲೇ ಹೊರಬೀಳುವುದೆಂಬ ನಂಬಿಕೆಯೊಂದು ಬಲವಾಗಿ ಬೇರೂರಿದೆ. ಅಮೆರಿಕದ ಸೈನ್ಯದ 1970ರ ಕೈಪಿಡಿಯಲ್ಲಿಯೂ ಇಂಥ ಮಾತು ಇದ್ದಿತು. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ವ್ರೀಮನ್ ಮತ್ತು ಕ್ಯಾರಲ್ ಎಂಬ ವೈದ್ಯರು ಇದು ನಿರಾಧಾರವೆಂದು ತೋರಿಸಿದರು. ತಲೆಯು ದೇಹದ ಮೇಲ್ಮೈಯಲ್ಲಿ ಹತ್ತನೆಯ ಒಂದು ಪಾಲು ಮಾತ್ರ. ಅದರಿಂದ ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಉಳಿದ ಮೈಯನ್ನೆಲ್ಲ ಮುಚ್ಚಿ ತಲೆಯನ್ನು ಮಾತ್ರ ತೆರೆದಿಟ್ಟಾಗ ಚಳಿಯೆಲ್ಲ ಅಲ್ಲಿಯೇ ನುಗ್ಗಿದಂತೆ ಭಾಸವಾಗುವುದು ಸಹಜ.

ಇಷ್ಟಕ್ಕೂ ಓಡುವವನಿಗೆ ಶಾಖದ ಕೊರತೆಯಿಲ್ಲ. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿಯೇ ಪರಿಣಮಿಸುವುದು. ಆದಕಾರಣ ನೆತ್ತಿಯನ್ನು ಬಿಗಿಯಾಗಿ ಮುಚ್ಚಿದರೆ ಬೆವರು ಹೆಚ್ಚುವುದೇ ಹೊರತು ಬೇರೆ ಪ್ರಯೋಜನವಿಲ್ಲ. ಕಿವಿಗಳ ಮಾತು ಬೇರೆ. ತೆಳುವಾದ ಮೃದ್ವಸ್ಥಿ, ಅದರ ಮೇಲೆ ತೆಳುವಾದ ಚರ್ಮ. ಕೊಬ್ಬಿನ ರಕ್ಷಣೆ ಬಹಳ ಕಡಿಮೆ. ಗಾಳಿಯೇ ಬೀಸದಿದ್ದರೂ ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಓಡುವವನ ಕಿವಿಗೆ ಅದೇ ವೇಗದ ಗಾಳಿ ತಾಕುತ್ತದೆ. ಎದುರುಗಾಳಿಯಿದ್ದರೆ ಅದೂ ಕೂಡಿಕೊಳ್ಳುವುದು.

ನಮ್ಮ ರುಮಾಲು ಬಿಸಿಲಿಗೂ ಹೊರೆಗೂ ಹೇಳಿ ಮಾಡಿಸಿದ ಉಡುಗೆ, ಓಟಕ್ಕಲ್ಲ. ಅದರ ಹತ್ತಿಯ ಮಡಿಕೆಗಳು ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುವುವು. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಓಟ ನಿಂತ ಮೇಲೆ ಒದ್ದೆಬಟ್ಟೆಯು ಅದನ್ನು ತಲೆಯಿಂದಲೇ ಎಳೆದುಕೊಳ್ಳುತ್ತದೆ. ಉಣ್ಣೆಯಾದರೋ ತನ್ನ ತೂಕದ ಮೂರರಲ್ಲೊಂದು ಪಾಲಿನವರೆಗೆ ತೇವವನ್ನು ಹೀರಿಯೂ ಒದ್ದೆಯೆನಿಸದು. ಕಂಬಳಿಯೂ ಉಣ್ಣೆಯೇ ಎಂದು ಅದರ ಕೊಪ್ಪೆ ಹಾಕಿಕೊಂಡು ಯಾರೂ ಓಡಲಾರರು! ಪೇಟೆಯಲ್ಲಿ ಸಿಗುವ ತೆಳ್ಳನೆಯ ಪಾಲಿಯೆಸ್ಟರ್ ಟೊಪ್ಪಿಗೆಯು ನೀರನ್ನು ಹೀರದೆ ಬೇಗ ಒಣಗುವುದರಿಂದ ಅದೂ ಅಡ್ಡಿಯಿಲ್ಲ.

ಮಂಕಿ ಕ್ಯಾಪಿನ ವಿಷಯದಲ್ಲಿ ನಮ್ಮದು ಸ್ಪಷ್ಟವಾದ ಆಕ್ಷೇಪ. ಬಾಯನ್ನು ಮುಚ್ಚುವ ಭಾಗವು ಉಸಿರಿನಿಂದ ನೆನೆಯುವುದು. ಅದು ಸಣ್ಣ ದೋಷ. ದಪ್ಪ ಹೆಣಿಗೆಯು ಶಬ್ದವನ್ನು ತಗ್ಗಿಸುವುದು ದೊಡ್ಡ ದೋಷ. ಜನವರಿಯಲ್ಲಿ ಸೂರ್ಯೋದಯವು ಏಳು ಗಂಟೆಯ ಸುಮಾರಿಗೆ. ಅದಕ್ಕೆ ಮೊದಲು ದೀಪವಿಲ್ಲದ ರಸ್ತೆಯಲ್ಲಿ ಓಡುವವನಿಗೆ ಹಿಂದಿನಿಂದ ಬರುವ ಟ್ರ್ಯಾಕ್ಟರು, ಲಾರಿಗಳ ಸುಳಿವು ಕಿವಿಯಿಂದಲೇ ಸಿಗಬೇಕು. ನಾಲ್ಕು ಬೆರಳಗಲದ ತೆಳ್ಳನೆಯ ಉಣ್ಣೆಯ ಪಟ್ಟಿಯು ಕಿವಿಗಳನ್ನು ಮುಚ್ಚಿ ನೆತ್ತಿಯನ್ನು ತೆರೆದಿಡುವುದರಿಂದ, ನಮ್ಮ ಹವೆಗೆ ಅದೇ ಮೇಲು. ಬಣ್ಣ ಬಿಳಿಯದಿರಲಿ. ಒಣಗಿದ ಟೊಪ್ಪಿಗೆಯೊಂದನ್ನು ಕಿಸೆಯಲ್ಲಿಟ್ಟುಕೊಂಡು, ಓಟ ಮುಗಿದೊಡನೆ ಬೆವರೊರೆಸಿ ಅದನ್ನು ಹಾಕಿಕೊಳ್ಳಬೇಕು.